ಆಗಲೇ ಕಟ್ಟಿದ್ದ ಕಾಲು

ಆಂಬುಲೆನ್ಸ್ ನರ್ಸ್ ಆಗಿ ನನಗೆ ಹನ್ನೆರಡು ವರ್ಷದ ಅನುಭವ. ಆ ಮಧ್ಯಾಹ್ನ ಒಂಟಿಯಾಗಿದ್ದ ಟೀಚರೊಬ್ಬರು ಮನೆಯೊಳಗೆ ಮೆಟ್ಟಿಲಿನಿಂದ ಬಿದ್ದು ಫೋನ್ ಮಾಡಿದ್ದರು. ಒಳಗಿನಿಂದ ಚಿಲಕ ಹಾಕಿತ್ತು. ನಮ್ಮ ಡ್ರೈವರ್ ಬಾಗಿಲು ಒಡೆದ. ನೋಡಿದರೆ, ಮುರಿದ ಕಾಲಿಗೆ ಆಗಲೇ ಎರಡು ಮರದ ಪಟ್ಟಿ ಕೊಟ್ಟು, ನಡುವೆ ಹತ್ತಿಯಿಟ್ಟು ಅಚ್ಚುಕಟ್ಟಾಗಿ ಕಟ್ಟಿತ್ತು.

“ಯಾರು ಕಟ್ಟಿದ್ದು ಮೇಡಂ?”

“ನಿಮಗಿಂತ ಮುಂಚೆ ಬಂದ್ರಲ್ಲ, ಆ ನರ್ಸಮ್ಮ. ಪಾಪ, ಒಳ್ಳೆಯವರು. ಕೈ ಮಾತ್ರ ಐಸು.”

ನಾನು ಒಡೆದ ಬಾಗಿಲಿನ ಒಳಚಿಲಕದತ್ತ ತಿರುಗಿ ನೋಡಿದೆ. ಆದರೂ ರಕ್ತ ಓಡುತ್ತಿದೆಯೇ ಎಂದು ನೋಡಲೇಬೇಕಿತ್ತು. ಪಾದದ ಬೆರಳುಗಳು ಬಿಳಚಿಕೊಂಡಿದ್ದವು.

“ಬೆರಳು ಅಲ್ಲಾಡಿಸಿ ನೋಡೋಣ.”

“ಹೇಗಾಗುತ್ತೆ? ಅವರಿನ್ನೂ ಹಿಡ್ಕೊಂಡಿದ್ದಾರಲ್ಲ.”

ನನಗೇನು ತೋಚಿತೋ, ಅವರ ಕಾಲ ಬಳಿಯ ಖಾಲಿ ಜಾಗ ನೋಡಿ, “ಇನ್ನು ನಾನು ನೋಡ್ಕೋತೀನಿ ಅಕ್ಕಾ, ಬಿಡಿ” ಎಂದೆ.

ನಾನು ಕಟ್ಟನ್ನು ಮುಟ್ಟಿರಲಿಲ್ಲ. ಬೆರಳುಗಳಿಗೆ ಒಂದೊಂದಾಗಿ ಕೆಂಪು ಮರಳಿತು.