ಪರಾತದಲ್ಲಿ ಬರ್ಫ

ಇನ್ನು ಕಾಯಲು ನನ್ನಿಂದಾಗದು ಎಂದು ಇವತ್ತು ಹೇಳಿಯೇಬಿಡಬೇಕೆಂದು ಶಿವಕಾಂತಾ ಭಾಲ್ಕಿಯಿಂದ ಬಸ್ಸು ಹತ್ತಿದ್ದಳು. ಬೀದರದ ತರಬೇತಿ ಶಾಲೆಯ ಮೆಟ್ಟಿಲ ಮೇಲೆ ಗೋರಖನಾಥ ದೊಡ್ಡದೊಂದು ಮಂಜುಗಡ್ಡೆ, ಊರ ಬಾಯಲ್ಲಿ ಬರ್ಫ, ಹೊತ್ತು ಬೆವರುತ್ತಾ ನಿಂತದ್ದು ಕಂಡು ಆ ಮಾತನ್ನು ಪಾಠ ಮುಗಿಯುವವರೆಗೆ ಮುಂದೂಡಿದಳು.

"ಚಾಂದ ಪಾಶಾನ ಸೋಡಾ ಅಂಗಡಿದಾಗಿಂದ ತಂದೇನಿ. ಮರಿ ತಂದೀರೇನ್ರಿ?"

ಅವಳು ಡಬ್ಬಿ ತೆರೆದಳು. ಜೋಳದ ಹಿಟ್ಟಿನ ಪೆಂಗ್ವಿನ್ ಮರಿಗಳು, ಕಣ್ಣಿಗೆ ಕಾಡಿಗೆ. ಅವನು ಮರಿಗಳಿಗಿಂತ ಹೆಚ್ಚು ಹೊತ್ತು ಅವಳ ಕಾಡಿಗೆ ಹತ್ತಿದ ಬೆರಳುಗಳನ್ನೇ ನೋಡಿದ.

"ಪಾಠದ ಕಡೆ ನೋಡ್ರಿ, ಮಾಸ್ತರ," ಎಂದು ಅವಳು ಕೈ ಹಿಂದಕ್ಕೆಳೆದುಕೊಂಡಳು.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮೊದಲ ಬೇಸಿಗೆ ಅದು. ಔರಾದದಲ್ಲಿ ಮರಾಠಿಯಲ್ಲಿ ಕಲಿಸುತ್ತಿದ್ದ ಗೋರಖನಾಥ ಇವತ್ತು ಇನ್ಸ್‌ಪೆಕ್ಟರ ಎದುರು ಕನ್ನಡದಲ್ಲಿ ಮಾದರಿ ಪಾಠ ಮಾಡಬೇಕು. ಪಾಸಾದರೆ ಇಲ್ಲೇ, ಇಲ್ಲದಿದ್ದರೆ ಗಡಿಯಾಚೆಯ ಉದಗೀರಿಗೆ. ಪೆಂಗ್ವಿನ್ ಪಾಠವನ್ನು ಇಂಗ್ಲಿಷ್ ಪತ್ರಿಕೆಯಿಂದ ಆರಿಸಿದವನು ಅವನು. ಕನ್ನಡ ಕಲಿಸಿದವಳು ಭಾಲ್ಕಿ ಶಾಲೆಯ ಈ ಟೀಚರು. ನೌಕರಿ ಗಟ್ಟಿಯಾಗಲಿ, ಆಮೇಲೆ ನಿಮ್ಮಪ್ಪನನ್ನು ಕೇಳುತ್ತೇನೆ ಎಂದು ಅವನು ವರ್ಷಗಳಿಂದ ಹೇಳುತ್ತಲೇ ಇದ್ದ. ಅವಳು ದಣಿದಿದ್ದಳು.

ಸಾಹೇಬರು ಹೇಳಿದ ಹೊತ್ತಿಗೆ ಬಂದರೆ ಸಾಹೇಬರು ಹೇಗಾದಾರು? ಗೋರಖನಾಥ ಮಾತ್ರ ಬೆಳಿಗ್ಗೆಯೇ ಹಿತ್ತಾಳೆಯ ಅಗಲ ಪರಾತದಲ್ಲಿ ನೀರು ತುಂಬಿ, ಬರ್ಫ ತೇಲಿಸಿ, ಮರಿಗಳನ್ನು ನಿಲ್ಲಿಸಿಬಿಟ್ಟ. ಇನ್ಸ್‌ಪೆಕ್ಟರು ಬಂದದ್ದು ಮಧ್ಯಾಹ್ನ. ಅಷ್ಟರಲ್ಲಿ ಬರ್ಫ ಒಡೆದು, ಹಿಟ್ಟಿನ ಮರಿಗಳು ನೀರಲ್ಲಿ ಕದಡಿ, ಪರಾತದಲ್ಲಿ ಬರೀ ಅಂಬಲಿ ಉಳಿದಿತ್ತು.

ಅವನು ಬಾಯಿಪಾಠ ಮಾಡಿದ್ದನ್ನು ಬಿಟ್ಟು ಪರಾತವನ್ನೇ ತೋರಿಸಿದ.

"ದಕ್ಷಿಣ ಧ್ರುವದಾಗ ಸಮುದ್ರದ ಮ್ಯಾಲಿನ ಬರ್ಫ ಜಲ್ದಿ ಒಡೆದ್ರ ಹಿಂಗೇ ಆಗ್ತದರಿ. ನೀರು ತಡಿಯೂ ಪುಕ್ಕ ಮರಿಗಳಿಗೆ ಇನ್ನೂ ಬಂದಿರಂಗಿಲ್ಲ. ಮುಳುಗಿ ಸಾಯ್ತಾವ."

"ಹಾಗಾದ್ರೆ ಒಡೆಯದೇ ಇದ್ರೆ ಒಳ್ಳೇದಲ್ವೇನ್ರೀ?" ಎಂದರು ಮೈಸೂರಿನ ಇನ್ಸ್‌ಪೆಕ್ಟರು.

"ಇಲ್ರಿ. ಬರ್ಫ ಭಾಳ ಹಬ್ಬಿದ್ರ ಸಮುದ್ರ ದೂರ ಆಗ್ತದ. ಹೆಣ್ಣು ಅಲ್ಲಿ ಮೀನು ಹಿಡೀಲಿಕ್ಕ ಹೋಗಿರ್ತದ. ಗಂಡು ಕಾಲ ಮ್ಯಾಲ ತತ್ತಿ ಇಟ್ಕೊಂಡು ಉಪವಾಸ ನಿಂತಿರ್ತದ. ಹೆಣ್ಣು ಬರೂದು ತಡ ಆದ್ರ..."

ಮುಂದೆ ಅವನಿಗೆ ಕನ್ನಡ ಹೊಳೆಯಲಿಲ್ಲ. ಶಿವಕಾಂತಾಳ ಕಡೆ ನೋಡಿದ. ಪಾಠ ನೋಡಲು ಕೂತಿದ್ದ ಅವಳು ಹೇಳಿಕೊಡುವಂತಿರಲಿಲ್ಲ. ಉಳಿದದ್ದನ್ನು ಅವನು ಮರಾಠಿಯಲ್ಲೇ ಮುಗಿಸಿದ.

"ವಿಷಯ ಚೆನ್ನಾಗಿದೆ. ಭಾಷೆ ಸಾಲದು. ಮುಂದಿನ ವರ್ಷ ನೋಡೋಣ," ಎಂದು ಸಾಹೇಬರು ಎದ್ದರು.

ಹೊರಗೆ ಬೇವಿನ ನೆರಳಲ್ಲಿ ಗೋರಖನಾಥ ತಲೆ ತಗ್ಗಿಸಿ ನಿಂತ. "ಉದಗೀರಕ್ಕ ಹೋಗಬೇಕಾಗ್ತದ. ಕನ್ನಡ ಕಲ್ತು ಬರ್ತೇನಿ. ಇನ್ನೊಂದು ವರ್ಷ ಕಾಯ್ತೀರೇನ್ರಿ?"

"ಇಲ್ರಿ."

ಅವನ ಮುಖ ಕಪ್ಪಿಟ್ಟಿತು.

"ಮೈಯಾಗಿನ ಕಸುವು ತೀರಿದ್ರ ಆ ಗಂಡು ತತ್ತಿ ಬಿಟ್ಟು ಎದ್ದು ಹೋಗ್ತದ ಅಂತ ಈಗ ಮರಾಠಿಯಾಗ ನೀವೇ ಹೇಳಿದ್ರಿ. ನಾ ಅಲ್ಲೀತನಕ ಬಂದೇನಿ," ಎಂದಳು ಶಿವಕಾಂತಾ. ಕಣ್ಣು ತುಂಬಿದ್ದವು. "ಉದಗೀರಕ್ಕ ಹೋಗ್ರಿ, ಎಲ್ಲಿಗರೆ ಹೋಗ್ರಿ. ಇವತ್ತ ಮಾತ್ರ ಭಾಲ್ಕಿಗೆ ನಡೀರಿ. ಅಪ್ಪನ್ನ ಕೇಳ್ರಿ."

"ನೌಕರಿನೇ ಗಟ್ಟಿ ಇಲ್ಲ, ಯಾವ ಮುಖ ಇಟ್ಕೊಂಡು ಕೇಳ್ಲಿ?"

"ಇದೇ ಮುಖ. ನನಗ ಇದೇ ಬೇಕಾಗೇದ."

"ಅವರು ಒಲ್ಲೆ ಅಂದ್ರ?"

"ಒಲ್ಲೆ ಅಂತ ತಿಳೀತದ. ತಿಳೀಲಾರದೆ ನಿಂದ್ರೂದು ಸಾಕಾಗೇದ್ರಿ."

ಭಾಲ್ಕಿಯ ಬಸ್ಸು ಬಂದಾಗ ಅವನೇ ಮೊದಲು ಹತ್ತಿ, ಪಕ್ಕದಲ್ಲಿ ಅವಳಿಗೆ ಜಾಗ ಹಿಡಿದ. ಬಸ್ಸಿನಲ್ಲಿ ಅವಳ ಓಣಿಯವರಿದ್ದರು, ಇದ್ದರೆ ಇರಲಿ. ಊರಂಚಿನ ನೌಬಾದ ದಾಟುವ ಮೊದಲೇ ಅವಳಿಗೆ ಅವನ ಭುಜದ ಮೇಲೆ ನಿದ್ದೆ ಹತ್ತಿತು. ಕಂಡಕ್ಟರು ಬಂದಾಗ ಗೋರಖನಾಥ ಭುಜ ಅಲುಗಿಸದೆ, "ಭಾಲ್ಕಿ. ಇಬ್ಬರದೂ," ಎಂದ.