ಎಡಗಾಲಿನ ಅಳತೆ

"ಮುಟ್ಟಬ್ಯಾಡ್ರಿ!"

ಮಗ್ಗದ ಕುಣಿಯೊಳಗಿಂದ ಎದ್ದ ಆ ಕೂಗಿಗೆ, ಅಂಚಿನಲ್ಲಿ ಬಗ್ಗಿದ್ದವನು ಚಾಚಿದ ಕೈಯನ್ನು ಸರ್ರನೆ ಹಿಂದಕ್ಕೆ ಎಳೆದುಕೊಂಡ.

ವಿದ್ಯಾಶ್ರೀಯ ಮುಖ ಕೆಂಪೇರಿತ್ತು. ನೋವಿಗೋ, ನಾಚಿಕೆಗೋ ಅವಳಿಗೇ ಗೊತ್ತಿರಲಿಲ್ಲ. ಬೆಟಗೇರಿಯ ನೇಕಾರರ ಓಣಿಯಲ್ಲಿ ಹುಟ್ಟಿ ಮೂವತ್ತೆಂಟು ತುಂಬಿದ ಹೆಣ್ಣು, ತನ್ನದೇ ಮಗ್ಗದ ಕುಣಿಯಲ್ಲಿ ಸಿಕ್ಕಿಕೊಳ್ಳುವುದೆಂದರೇನು! ನೆಲದಲ್ಲಿ ತೋಡಿದ ಆ ಕುಣಿಗೆ ಕಾಲು ಇಳಿಬಿಟ್ಟು ಕೂತು, ಹಲಗೆ ತುಳಿಯುತ್ತ, ಲಾಳಿ ಎಸೆಯುತ್ತ ಇಪ್ಪತ್ತು ವರ್ಷ ಸೀರೆ ನೇಯ್ದವಳು ಅವಳು. ಇವತ್ತು ಎಡಗಡೆಯ ಸೊಂಟದ ಕೀಲು ಬಿಗಿದುಕೊಂಡು ಕಾಲು ಮೇಲಕ್ಕೆ ಬರಲೇ ಒಲ್ಲದು. ಅವ್ವ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಮನೆಯಲ್ಲಿ ಬೇರೆ ನರಪಿಳ್ಳೆ ಇಲ್ಲ.

"ನಾ ಮೌನೇಶರಿ, ಬಡಿಗ್ಯಾ. ಶಿರಹಟ್ಟಿಯಿಂದ ಬಂದೇನಿ. ಮಗ್ಗದ ಕಂಬಕ್ಕ ಗೆದ್ದಲ ಹತ್ತೇತಿ ಅಂತ ನಿಮ್ಮವ್ವಾರು ಹೇಳಿ ಕಳಿಸಿದ್ರು... ಕೈ ಹಿಡೀರಿ ಅಕ್ಕಾರ, ಎತ್ತತೇನಿ."

"ಬ್ಯಾಡ ಅಂದೆನಲ್ಲ! ನಾ ಏನ್ ಕೂಸೇನು, ಎತ್ತಾಕ? ಆ ಕಡೆ ಮಾರಿ ಮಾಡಿ ನಿಂದರ್ರಿ!"

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು, ಇಲ್ಲವೇ ಸಿಟ್ಟಾಗುತ್ತಿದ್ದರು. ಅವನು ಎರಡೂ ಮಾಡಲಿಲ್ಲ. ಮೂಲೆಯಲ್ಲಿದ್ದ ದಪ್ಪ ತೊಲೆಯೊಂದನ್ನು ತಂದು ಕುಣಿಯ ಮೇಲೆ ಅಡ್ಡ ಹಾಕಿದ. ಅದರ ತುದಿಯನ್ನು ಕಾಲಿನಿಂದ ಅದುಮಿ ಹಿಡಿದು, ಬೆನ್ನು ತಿರುಗಿಸಿ ನಿಂತ.

"ಎರಡೂ ಕೈ ಅದರ ಮ್ಯಾಲ ಊರಿ ಏಳ್ರಿ. ಅವಸರ ಇಲ್ಲ."

ಹಲ್ಲು ಕಚ್ಚಿ ವಿದ್ಯಾಶ್ರೀ ಎದ್ದಳು. ಕಣ್ಣಲ್ಲಿ ನೀರು ಬಂದಿತ್ತು, ಆದರೆ ನೋಡುವವರು ಯಾರೂ ಇರಲಿಲ್ಲ. ಅವನು ತಿರುಗಲೇ ಇಲ್ಲ!

*ನೋಡದೆಯೂ ಒಬ್ಬರನ್ನ ಎತ್ತಬಹುದು ಅಂತ ಈ ಮನುಷ್ಯಾಗ ಯಾರು ಕಲಿಸಿದ್ರು?*

ಆ ಪ್ರಶ್ನೆ ಅವಳ ತಲೆಯಿಂದ ಮುಂದೆ ಹೋಗಲಿಲ್ಲ.

ಮಗ್ಗದ ಕೆಲಸ ಎಂಟು ದಿನ ಹಿಡಿಯಿತು. ಗೆದ್ದಲು ಅವಳಪ್ಪ ನಿಲ್ಲಿಸಿದ ಎರಡು ಕಂಬಗಳನ್ನೂ ತಿಂದಿತ್ತು. ಮೌನೇಶ ದಿನಾ ಬೆಳಿಗ್ಗೆ ಬಸ್ಸಿಗೆ ಬರುವುದು, ಸಂಜೆ ಹೋಗುವುದು. ಹೆಂಡತಿ ತೀರಿ ಎಂಟು ವರ್ಷವಾಗಿತ್ತು, ಮಕ್ಕಳಿಲ್ಲ. ಇಷ್ಟೂ ಸಂಗತಿ ಅವ್ವ ಮಂಜವ್ವ ಮೊದಲ ದಿನವೇ ಕೇಳಿ ತಿಳಿದುಕೊಂಡಿದ್ದಳು. ತಾಯಂದಿರ ತಪಾಸಣೆ ಪೊಲೀಸರಿಗೂ ಬರುವುದಿಲ್ಲ ಬಿಡಿ.

ಮಧ್ಯಾಹ್ನ ಅವ್ವ ರೊಟ್ಟಿ, ಶೇಂಗಾ ಚಟ್ನಿ ಕೊಡುವಳು. ಅವನು ತಿನ್ನುತ್ತ ಕಟ್ಟಿಗೆಯ ಮಾತಾಡುವನು. ವಿದ್ಯಾಶ್ರೀ ಕೇಳದವಳಂತೆ ಎಲ್ಲವನ್ನೂ ಕೇಳಿಸಿಕೊಳ್ಳುವಳು.

ಅದರಲ್ಲೂ ಒಂದು ವಿಷಯ ಅವಳನ್ನು ಕಾಡತೊಡಗಿತ್ತು. ಮೊದಲ ದಿನ ಬಾಯಿ ತುಂಬ "ಅಕ್ಕಾರ" ಎಂದವನು, ನಾಲ್ಕನೆಯ ದಿನದಿಂದ ಹಾಗೆ ಕರೆಯುವುದನ್ನು ಬಿಟ್ಟಿದ್ದ. ಬೇರೆ ಏನೂ ಕರೆಯುತ್ತಿರಲಿಲ್ಲ. "ಇಲ್ನೋಡ್ರಿ", "ಸ್ವಲ್ಪ ಆ ಉಳಿ ಕೊಡ್ರಿ", ಅಷ್ಟೇ.

*ಯಾಕಿರಬೇಕು...?*

ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತಿತ್ತು. ಕಾಲು ನೋಡಿದರೆ ಎರಡಕ್ಕೂ ಒಪ್ಪುತ್ತಿರಲಿಲ್ಲ.

ಕಾಲಿನ ಕಥೆ ಬೇರೆಯೇ ಇತ್ತು. ಹದಿನೈದು ವರ್ಷದ ಹಿಂದೆ ಅಟ್ಟದಿಂದ ಬಿದ್ದು ಸೊಂಟದ ಎಲುಬು ಬಿರುಕುಬಿಟ್ಟಿತ್ತು. ನಾಟಿ ಪಟ್ಟಿ ಕಟ್ಟಿಸಿ ವಾಸಿಯಾಯಿತು ಅಂದುಕೊಂಡರು. ಒಳಗೊಳಗೇ ಕೀಲು ಸವೆಯುತ್ತ, ಎಡಗಾಲು ಗಿಡ್ಡಾಗುತ್ತ ಬಂತು. ಕಳೆದ ತಿಂಗಳು ಗದಗಿನ ಎಲುಬಿನ ಡಾಕ್ಟರು ಎಕ್ಸರೇ ತೋರಿಸಿ ಬಿಡಿಸಿ ಹೇಳಿದ್ದರು.

"ಕೀಲು ಬದಲ ಮಾಡಬೇಕು ತಂಗಿ. ಮಾಡಿಸ್ಕೊಂಡ್ರ ನೋವು ಹೋಗತೈತಿ, ಆರಾಮ ನಡೀತಿ. ಆದ್ರ ನೆಲದ ಮ್ಯಾಲ ಕುಂಡ್ರೂದು, ಕುಣಿಗೆ ಇಳಿಯೂದು ಬಂದ್. ಬಿಟ್ರ ಇನ್ನೆರಡು ವರ್ಷಕ್ಕ ಕೋಲು ಬೇಕಾಗತೈತಿ. ನಿರ್ಧಾರ ನಿಂದು."

ನಡಿಗೆ ಬೇಕೋ, ಮಗ್ಗ ಬೇಕೋ? ಆ ಪ್ರಶ್ನೆ ಹೊತ್ತುಕೊಂಡು ಅವಳು ಒಂದು ತಿಂಗಳಿನಿಂದ ಒದ್ದಾಡುತ್ತಿದ್ದಳು. ಒಂದು ದಿನ ಮಾಡಿಸೋಣ ಅನ್ನಿಸುವುದು, ಮರುದಿನ ಬೇಡ ಅನ್ನಿಸುವುದು. ಲಾಳಿ ಹಿಡಿಯದ ಕೈಯನ್ನು ಏನು ಮಾಡುವುದು? ಮಗ್ಗವಿಲ್ಲದ ವಿದ್ಯಾಶ್ರೀ ಅಂದರೆ ಯಾರು?

ಎಂಟನೆಯ ದಿನ ಅವ್ವನೇ ಆ ಮಾತು ಎತ್ತಿದಳು. ಎಲ್ಲವನ್ನೂ ಕೇಳಿದ ಮೌನೇಶ ಕೈಯಲ್ಲಿದ್ದ ಉಳಿ ಕೆಳಗಿಟ್ಟ.

"ಮಾಡಿಸ್ಕೋರಿ."

ಒಂದೇ ಮಾತು. ಅಷ್ಟೇ ಸಾಕಾಯಿತು!

ಆರು ವರ್ಷದ ಹಿಂದೆ ಲಕ್ಷ್ಮೇಶ್ವರದಿಂದ ಕನ್ಯೆ ನೋಡಲು ಬಂದವರು ಇದನ್ನೇ ಹೇಳಿದ್ದರು. 'ಕಾಲು ನೆಟ್ಟಗ ಮಾಡಿಸ್ರಿ, ಆಮ್ಯಾಲ ನೋಡೂಣು.' ಅಂದು ಚಹಾದ ತಟ್ಟೆ ಹಿಡಿದು ನಿಂತಿದ್ದವಳ ಎದೆಗೆ ಆ ಮಾತು ಚುಚ್ಚಿಕೊಂಡಿದ್ದು ಇನ್ನೂ ಹೊರಬಂದಿರಲಿಲ್ಲ.

"ನೀವೂ ಅವರಂಗ!" ಎಂದಳು. "ಕುಂಟಿ ಅಂದ್ರ ನಿಮಗೂ ನಾಚಿಕಿ, ಹೌದಿಲ್ರಿ? ಕಾಲು ನೆಟ್ಟಗಾದ್ರ ಆಕಿ ಮಂದಿಯೊಳಗ ಲೆಕ್ಕ, ಇಲ್ಲಂದ್ರ ಇಲ್ಲ!"

"ನಾ ಹಂಗ ಅಂದಿಲ್ರಿ... ನಿಮ್ಮ ನೋವು ನೋಡಾಕಾಗದ..."

"ನೋಡಬ್ಯಾಡ್ರಿ! ಮೊದಲನೇ ದಿನ ಬೆನ್ನ ತಿರಿವಿ ನಿಂತಿದ್ರಲ್ಲ, ಹಂಗ ಹೋಗಿಬಿಡ್ರಿ. ನಾಳಿಂದ ಬರಬ್ಯಾಡ್ರಿ!"

ಅವನು ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಗಿಲ ಕಡೆ ನೋಡುತ್ತ ನಿಂತವಳಿಗೆ ಕರೆಯಬೇಕೆನ್ನಿಸಿತು. ಏನೆಂದು ಕರೆಯಬೇಕು? ಅವಳೂ ಅವನಿಗೆ ಒಂದು ಹೆಸರಿಟ್ಟಿರಲಿಲ್ಲ.

ಅದಾಗಿ ಎರಡು ದಿನಕ್ಕೆ ಅವ್ವ ಹಾಸಿನ ನೂಲೊಂದನ್ನು ಹಿಡಿದು ಬಂದಳು.

"ಕಾಲು ಚಾಚು."

"ಯಾಕ?"

"ಚಾಚಂದ್ರ ಚಾಚು ಲೇ! ಎಲ್ಲಾದಕ್ಕೂ ಯಾಕ, ಯಾಕ!"

ಮೊಣಕಾಲಿನಿಂದ ಹಿಮ್ಮಡಿಗೆ ಒಂದು ನೂಲು, ಸೊಂಟದಿಂದ ಹಿಮ್ಮಡಿಗೆ ಒಂದು ನೂಲು. ಬಲಗಾಲಿಗೆ ಬೇರೆ, ಎಡಗಾಲಿಗೆ ಬೇರೆ. ಸೊಂಟದಿಂದ ಅಳೆದ ಎಡಗಾಲಿನ ನೂಲು ಎರಡು ಬೆರಳು ಗಿಡ್ಡ ಬಂತು. ಅವ್ವ ಗಂಟು ಹಾಕಿ ಸೆರಗಿನಲ್ಲಿ ಕಟ್ಟಿಕೊಂಡಳು.

*ಮತ್ತ ಯಾವನೋ ವರಾ ಬಂದಿರಬೇಕು. ಎಷ್ಟು ಗಿಡ್ಡ ಅಂತ ಕೇಳಿ ಕಳಿಸ್ಯಾರ!* ವಿದ್ಯಾಶ್ರೀ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮುಂದಿನ ವಾರ ಮುಂಡರಗಿಯಲ್ಲಿದ್ದ ತಂಗಿಯ ಮನೆಗೆ ಹೋಗಿ ಎರಡು ದಿನ ಇದ್ದು ಬಂದಳು. ಬಂದವಳು ಮಗ್ಗದ ಕೋಣೆಯ ಬಾಗಿಲಲ್ಲಿ ಕಂಬದಂತೆ ನಿಂತಳು.

ಮಗ್ಗವಿಲ್ಲ! ಕಿಟಕಿಯ ಕೆಳಗೆ ಕುಣಿ ಇದ್ದ ಜಾಗದಲ್ಲಿ ಹೊಸ ಕೆಂಪು ಮಣ್ಣು. ನೀರು ಹಾಕಿ ಗುದ್ದಿ ಸಮ ಮಾಡಿದ್ದಾರೆ. ಮೇಲೆ ಅರಿಷಿಣ, ಕುಂಕುಮ, ಒಂದು ಎಳೆ ನೂಲು.

ಆ ಓಣಿಯಲ್ಲಿ ಕುಣಿ ಮುಚ್ಚಿ ಕುಂಕುಮ ಹಾಕಿದರೆ ಅದಕ್ಕೆ ಒಂದೇ ಅರ್ಥ. ಆ ಮನೆಯ ನೇಕಾರಿಕೆ ಮುಗಿಯಿತು. ಚಿಕ್ಕ ಮಕ್ಕಳಿಗೂ ಅದು ಗೊತ್ತು.

"ಅವ್ವಾ! ನಾ ಸತ್ತೇನೇನು? ನನ್ನ ಕುಣಿ ಯಾರು ಮುಚ್ಚಿದ್ರು?"

"ಮೊದಲ ನೀರು ಕುಡಿ, ಹೇಳತೇನಿ. ಮೌನೇಶ ಬಂದಿದ್ದ..."

"ಮೌನೇಶ! ನಮ್ಮಪ್ಪನ ಮಗ್ಗ ಅವ ಒಯ್ದನೇನು?"

"ಶಿರಹಟ್ಟಿಗೆ ಒಯ್ದಾನ, ಆದ್ರ ಅದು..."

ಆದ್ರ ಎಂಬುದನ್ನು ಕೇಳಲು ಅವಳು ಅಲ್ಲಿದ್ದರೆ ತಾನೆ! ಸಿಟ್ಟಿನ ಕೈಯಲ್ಲಿ ಬುದ್ಧಿ ಕೊಟ್ಟ ಹೆಣ್ಣು, ಬಂದ ಚೀಲವನ್ನೇ ಮತ್ತೆ ಹೆಗಲಿಗೆ ಹಾಕಿಕೊಂಡು ಹೊರಟಿದ್ದಳು.

ಶಿರಹಟ್ಟಿಯ ಬಸ್ಸಿನ ಮೆಟ್ಟಿಲು ಎತ್ತರ. ಎಡಗಾಲು ಏರಲಿಲ್ಲ. ಹಿಂದಿನಿಂದ "ಜಲ್ದಿ ಹತ್ತರಿ ಯಕ್ಕಾ" ಎಂದು ಯಾರೋ ಗದರಿದರು. ಕಂಬಿ ಹಿಡಿದು ಮೈಯೆಲ್ಲ ಎಳೆದು ಹತ್ತುವಷ್ಟರಲ್ಲಿ ಜೀವ ಬಾಯಿಗೆ ಬಂತು. ಕಂಡಕ್ಟರು ಆಧಾರ್ ಕಾರ್ಡು ಕೇಳಿದಾಗ ಚೀಲವೆಲ್ಲ ತಡಕಾಡಿ ತೆಗೆದು ತೋರಿಸಿದಳು.

ಕಿಟಕಿಯಾಚೆ ಕರಿಹೊಲಗಳು ಓಡುತ್ತಿದ್ದವು. ಪ್ರತಿ ತಗ್ಗಿಗೂ ಸೊಂಟದಲ್ಲಿ ಸೂಜಿ ಚುಚ್ಚಿದಂತಾಗುತ್ತಿತ್ತು.

*ಕುಂಟಿ ಇನ್ನೇನು ನೇಯ್ತಾಳ ಅಂತ ಮುಚ್ಚಿಬಿಟ್ಟ! ಹೋಗಿ ಮಾರಿ ಮ್ಯಾಲ ಕೇಳತೇನಿ... ಆದ್ರ ಕೇಳೂ ಮುಂದ ಅಳು ಬಂದ್ರ? ದೇವರ, ಅವನ ಮುಂದ ಅಳು ಬರಬಾರದು!*

ಶಿರಹಟ್ಟಿಯಲ್ಲಿ ಇಳಿದು, ಮಠದ ಹಾದಿಯಲ್ಲಿ ಎರಡು ಸಲ ನಿಂತು, ಮೂವರನ್ನು ಕೇಳಿ, ಬಡಿಗನ ಅಂಗಡಿ ಮುಟ್ಟಿದಳು. ಬಾಗಿಲು ತೆರೆದಿತ್ತು.

"ನನ್ನ ಮಗ್ಗ ಕೊಡ್..."

ಹೊಸ್ತಿಲು ದಾಟಿದವಳು ಅಲ್ಲೇ ನಿಂತಳು.

ಅಂಗಡಿಯ ನಡುವೆ ಮಗ್ಗ ನಿಂತಿತ್ತು. ನಿಂತಿತ್ತು ಅಂದರೆ ಖರೆಯೇ, ನೆಲದ ಮೇಲೆ ನಾಲ್ಕು ಕಾಲಿನ ಚೌಕಟ್ಟಿನಲ್ಲಿ, ಎದೆಯೆತ್ತರ! ಹೊಸ ತೇಗದ ಕಂಬಗಳ ನಡುವೆ ಅಪ್ಪನ ಹಳೆಯ ಅಡ್ಡಪಟ್ಟಿ ಹೊಳೆಯುತ್ತಿತ್ತು. ಮುಂದೆ ಎತ್ತರದ ಕೂರುಮಣೆ. ಗೋಡೆಯ ಮೊಳೆಗೆ ಅವ್ವ ಅಳೆದ ನಾಲ್ಕು ನೂಲುಗಳು ತೂಗುಬಿದ್ದಿದ್ದವು. ಎರಡು ಉದ್ದ, ಎರಡು ಗಿಡ್ಡ; ಉದ್ದದ ಜೋಡಿಯಲ್ಲಿ ಒಂದು ಎರಡು ಬೆರಳು ಕಡಿಮೆ.

ಕಟ್ಟಿಗೆಯ ಹೊಟ್ಟು ಮೆತ್ತಿದ ಮೈಯಲ್ಲಿ ಮೌನೇಶ ಎದ್ದು ನಿಂತ. ಮುಖದಲ್ಲಿ ಕಳ್ಳ ಸಿಕ್ಕಿಬಿದ್ದ ಕಳೆ.

"ಮುಗಿಸಿ ತಂದು ನಿಂದರಿಸಿ ಹೇಳಬೇಕಂತಿದ್ದೆ... ನೀವು ಬರಬ್ಯಾಡ ಅಂದಿದ್ರಿ. ಕುಣಿ ಮಣ್ಣು ಕುಂಡ್ರಾಕ ನಾಕ್ ದಿನಾ ಬೇಕು, ಅದಕ್ಕ ಮೊದಲ ಮುಚ್ಚಿದ್ವಿ. ಅದ ಕಿಟಕಿ ಬೆಳಕಿಗೆ ಇದು ಕುಂಡ್ರಬೇಕಲ್ಲ. ಕುಂಕುಮ ನಿಮ್ಮವ್ವಾರು ಹಾಕಿದ್ರು. ಇಷ್ಟು ವರ್ಷ ಅನ್ನ ಕೊಟ್ಟ ಕುಣಿ, ಹಂಗ ಮುಚ್ಚಬಾರದು ಅಂದ್ರು."

ಅವಳು ಅಪ್ಪನ ಅಡ್ಡಪಟ್ಟಿಯ ಮೇಲೆ ಕೈಯಾಡಿಸಿದಳು.

"ಡಾಕ್ಟರ್ ಕಡೆ ಹೋಗಿ ಕೇಳಿಕೊಂಡು ಬಂದೇನಿ. ಮೊಣಕಾಲು ಸೊಂಟಕ್ಕಿಂತ ಮ್ಯಾಲ ಬರಬಾರದಂತ. ಅದಕ್ಕ ಮಣಿ ಇಷ್ಟೆತ್ತರ. ಕುಂತ ನೋಡ್ರಿ."

ಅವಳು ಕೂತಳು. ಬಗ್ಗಬೇಕಾಗಲಿಲ್ಲ, ಇಳಿಯಬೇಕಾಗಲಿಲ್ಲ. ಎರಡೂ ಪಾದ ತುಳಿಯುವ ಹಲಗೆಗಳ ಮೇಲೆ ಸರಿಯಾಗಿ ಕೂತವು. ಎರಡೂ! ಹದಿನೈದು ವರ್ಷದಿಂದ ಎಡಗಾಲು ಹಲಗೆ ಮುಟ್ಟಲು ಹುಡುಕಾಡುತ್ತಿತ್ತು. ಬಗ್ಗಿ ನೋಡಿದಳು. ಎಡಗಡೆಯ ಹಲಗೆಯ ಮೇಲೆ ಎರಡು ಬೆರಳು ದಪ್ಪದ ಕಟ್ಟಿಗೆಯ ತುಂಡನ್ನು ಎರಡು ತಿರುಪಿನಲ್ಲಿ ಬಿಗಿದಿದ್ದ.

"ಇದು...?"

"ನಿಮ್ಮ ಎಡಗಾಲಿನ ಅಳತಿ." ಅವನು ನೆಲ ನೋಡುತ್ತ ಹೇಳಿದ. "ಆಪರೇಶನ್ ಮಾಡಿಸ್ಕೊಂಡು ಕಾಲು ಸಮ ಆದ್ರ ತಿರುಪು ಬಿಚ್ಚಿ ತುಂಡು ತಗಿಯೂದು. ಮಾಡಿಸ್ಕೊಳ್ಳಲಿಲ್ಲ ಅಂದ್ರ ಹಂಗ ಇರಲಿ. ಹೆಂಗಿದ್ರೂ ಮಗ್ಗ ನಿಮ್ದ. ನಾ ಅವತ್ತ ಮಾಡಿಸ್ಕೋರಿ ಅಂದದ್ದು ಕಾಲಿನ ಚಂದಕ್ಕಲ್ಲ. ಕುಣಿಯೊಳಗ ನೀವು ಹಲ್ಲು ಕಚ್ಚಿ ಎದ್ದದ್ದು... ನಾ ನೋಡಲಿಲ್ಲ, ಖರೆ. ಆದ್ರ ಕೇಳಿಸ್ತು."

ವಿದ್ಯಾಶ್ರೀ ಅತ್ತಳು. ಬಸ್ಸಿನಲ್ಲಿ ಬೇಡಿಕೊಂಡ ದೇವರು ಕೈಕೊಟ್ಟಿದ್ದ. ಅವಳಿಗೆ ಅದರ ಬೇಸರವೂ ಆಗಲಿಲ್ಲ.

ಕಾಲು ನೆಟ್ಟಗಾಗಲಿ ಎಂದವರು ಬಹಳ ಮಂದಿ. ಇದ್ದ ಕಾಲಿಗೆ ಅಳತೆ ತೆಗೆದವನು ಇವನೊಬ್ಬನೇ.

ಅತ್ತು ಹಗುರಾದ ಮೇಲೆ ಮೊದಲ ಸಲ ಅವಳ ತಲೆ ಸ್ವಚ್ಛವಾಗಿ ಯೋಚಿಸಿತು. ಯಾರಿಗೋ ಚಂದ ಕಾಣಲಿಕ್ಕಲ್ಲ. ಯಾರ ಹಟಕ್ಕೂ ಅಲ್ಲ. ಬಸ್ಸು ಹತ್ತಬೇಕು, ತಂಗಿಯ ಊರಿಗೆ ಹೋಗಬೇಕು, ದಿನವಿಡೀ ನೇಯಬೇಕು. ನೋವಿಲ್ಲದೆ. ತನಗಾಗಿ.

"ಆ ತುಂಡು ತಗೀರಿ."

"ಏನಂದ್ರಿ?"

"ಈಗ ಬ್ಯಾಡ. ನಾ ದವಾಖಾನಿಯಿಂದ ಬಂದ ಮ್ಯಾಲ ತಗೀರಿ. ಮಾಡಿಸ್ಕೋತೇನಿ... ಹೆದರಿಕಿ ಭಾಳ ಐತಿ. ಆದ್ರೂ ಮಾಡಿಸ್ಕೋತೇನಿ."

ಮೌನೇಶನ ಕಣ್ಣು ತುಂಬಿದವು. ಹೊಟ್ಟು ಬಿತ್ತೆಂದು ಒರೆಸಿಕೊಂಡ.

"ಒಂದು ಕೇಳಲೇನು?" ವಿದ್ಯಾಶ್ರೀ ಕೂರುಮಣೆಯ ಅಂಚನ್ನು ಉಗುರಿನಿಂದ ಕೆರೆಯುತ್ತ ಕೇಳಿದಳು. "ನನ್ನ ಅಕ್ಕಾರ ಅನ್ನೂದು ಯಾಕ ಬಿಟ್ರಿ?"

ಅವನು ಕೈಗೆ ಮೆತ್ತಿದ ಹೊಟ್ಟು ಕೊಡವಿಕೊಂಡ.

"ಬಾಯಿ ಬರಲಿಲ್ಲ. ಮನಸಿನ್ಯಾಗ ಬ್ಯಾರೆ ಇಟ್ಕೊಂಡು ಬಾಯಾಗ ಅಕ್ಕಾರ ಅನ್ನಬಾರದು ನೋಡ್ರಿ... ಪಾಪ ಹತ್ತತೈತಿ."

"ಮನಸಿನ್ಯಾಗ ಏನಿತ್ತು?"

"ವಿದ್ಯಾ ಅಂತ."

ಅವಳು ನಕ್ಕಳು, ಕಣ್ಣೀರಿನಲ್ಲೇ.

ನಾಲ್ಕು ತಿಂಗಳು ಕಳೆದವು. ಆಪರೇಶನ್ ಆಯಿತು. ವಾಕರ್ ಹಿಡಿದು ಅಂಗಳದಲ್ಲಿ ಹತ್ತು ಹೆಜ್ಜೆ, ಆಮೇಲೆ ಓಣಿಯ ತುದಿಯವರೆಗೆ, ಆಮೇಲೆ ವಾಕರ್ ಇಲ್ಲದೆ. ನಡುವೆ "ಯಾಕಾದ್ರೂ ಮಾಡಿಸ್ಕೊಂಡೆನೋ" ಎಂದು ಅವಳು ಅತ್ತ ದಿನಗಳೂ ಇದ್ದವು. ಮೌನೇಶ ವಾರಕ್ಕೆರಡು ಸಲ ಬಂದು, ಜಗಲಿಯ ಮೇಲೆ ಕೂತು, ಅವಳ ಹೆಜ್ಜೆ ಎಣಿಸಿ ಹೋಗುತ್ತಿದ್ದ.

ಡಾಕ್ಟರು ಆಗಲಿ ಎಂದ ದಿನ ಹೊಸ ಮಗ್ಗ ಕಿಟಕಿಯ ಕೆಳಗೆ ಕೂತಿತು. ಮೌನೇಶ ತಿರುಪು ಬಿಚ್ಚಿ ಎಡಗಡೆಯ ತುಂಡನ್ನು ತೆಗೆದ. ಮಂಜವ್ವ ಅದನ್ನು ಅವನ ಕೈಯಿಂದ ಕಸಿದು ದೇವರ ಜಗಲಿಯ ಮೇಲೆ ಇಟ್ಟುಬಿಟ್ಟಳು.

"ಮೊದಲನೇ ಸೀರಿ ಯಾರದು ಲೇ ವಿದ್ಯಾ?"

"ನಂದ ಅವ್ವಾ. ಮದುವಿ ಸೀರಿ ಮಂದಿ ಕಡೆ ತರತಾರೇನು?"

ಲಾಳಿ ಅತ್ತ ಹೋಯಿತು, ಇತ್ತ ಬಂತು. ಓಣಿಗೆ ಮಗ್ಗದ ಸಪ್ಪಳ ಕೇಳಿಸಿತು. ಒಂದು ಗೇಣು ನೇಯ್ದು ಅವಳು ನಿಲ್ಲಿಸಿದಳು. ಮೌನೇಶ ಓಡಿಬಂದು ಕೈ ಚಾಚಿದವನು, ಹಳೆಯದು ನೆನಪಾಗಿ ಸರ್ರನೆ ಹಿಂದಕ್ಕೆ ಎಳೆದುಕೊಂಡ.

"ಕೈ ಕೊಡ್ರಿ," ಎಂದಳು.

"ಯಾಕ, ಏಳಾಕ ಆಗವಲ್ದೇನು?" ಅವನು ಗಾಬರಿಯಾದ.

ವಿದ್ಯಾಶ್ರೀ ತಾನೇ ಎದ್ದು ನಿಂತಳು. ಎರಡೂ ಕಾಲಿನ ಮೇಲೆ, ನೆಟ್ಟಗೆ.

"ಎದ್ದೇನಿ ನೋಡ್ರಿ. ಈಗ ಕೊಡ್ರಿ."

ಅವನು ಕೊಟ್ಟ. ಉಳಿ ಹಿಡಿದು ದಡ್ಡುಗಟ್ಟಿದ ಕೈ, ನೂಲು ಹಿಡಿದು ದಡ್ಡುಗಟ್ಟಿದ ಕೈ.

"ಎಷ್ಟೊತ್ತು ಹಿಡಿಯೂದು, ವಿದ್ಯಾ?"

"ನಾ ಬಿಡ್ರಿ ಅನ್ನೂತನಕಾ."

"ಯಾವಾಗ ಅಂತೀ?"

"ನಾ ಅನ್ನಂಗಿಲ್ಲ."