ಮುದ್ದೆ ಕೋಲಿನ ರಿಲೇ

"ಕೈ ನೆಟ್ಟಗೆ ಚಾಚ್ಬೇಕು ಅಂತ ಅವಳಿಗೆ ಹೇಳು," ಎಂದಳು ಚೈತ್ರ.

ಶ್ರೀಲತಾ ನಿಂತಿದ್ದದ್ದು ಮೂರೇ ಅಡಿ ದೂರದಲ್ಲಿ. ಅವಳ ಎರಡು ಕಿವಿಗಳೂ ಸರಿಯಾಗಿಯೇ ಇದ್ದವು. ಆದರೂ ಅವಳು ಆಕಾಶ ನೋಡುತ್ತಾ, "ನನಗೇನೂ ಕೇಳಿಸ್ಲಿಲ್ಲ ಅಂತ ಅವಳಿಗೆ ಹೇಳು," ಎಂದಳು.

ಇಬ್ಬರ ನಡುವೆ ನಿಂತಿದ್ದ ಗಂಗಾಂಬಿಕಾ ಬಗ್ಗಿ, ಶ್ರೀಲತಾಳ ಕಾಲ ಮೇಲೆ ಬಿದ್ದಿದ್ದ ಮುದ್ದೆ ಕೋಲನ್ನು ಎತ್ತಿಕೊಂಡಳು.

ಅದು ನಿಜವಾಗಿಯೂ ರಾಗಿ ಮುದ್ದೆ ತಿರುವುವ ಕೋಲೇ. ಶಾಲೆಯ ಬ್ಯಾಟನ್ ಹೋದ ವರ್ಷ ಸ್ಕೂಲ್ ಡೇ ನಾಟಕದಲ್ಲಿ ಪೊಲೀಸ್ ಲಾಠಿಯಾಗಿ ಸ್ಟೇಜ್ ಹತ್ತಿದ್ದು, ಇನ್ನೂ ಇಳಿದು ಬಂದಿರಲಿಲ್ಲ. ಹಾಗಾಗಿ ರಿಲೇ ಪ್ರಾಕ್ಟೀಸಿಗೆಂದು ಗಂಗಾಂಬಿಕಾ ದಿನಾ ಬೆಳಿಗ್ಗೆ ಮನೆಯ ಕೋಲನ್ನು ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು ತರುತ್ತಿದ್ದಳು. ಸಂಜೆ ಅಮ್ಮ ಒಲೆ ಹಚ್ಚುವ ಮೊದಲೇ ಅದನ್ನು ಅದರ ಜಾಗಕ್ಕೆ ಸೇರಿಸುತ್ತಿದ್ದಳು. ಮನೆಯಲ್ಲಿ ಇದ್ದದ್ದು ಅದೊಂದೇ ಕೋಲು.

ಚೈತ್ರ ಮತ್ತು ಶ್ರೀಲತಾ ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು. ಚೈತ್ರ ತನ್ನ ಅಮ್ಮನ ಫೋನಿನಲ್ಲಿ ಕ್ಲಾಸಿನ ಗ್ರೂಪ್ ಫೋಟೋವನ್ನು ಸ್ಟೇಟಸ್ ಹಾಕಿದ್ದಳು. ಅದರಲ್ಲಿ ಶ್ರೀಲತಾಳ ಮುಖ ಅರ್ಧ ಕಟ್ ಆಗಿತ್ತು. ಉಳಿದದ್ದು ಒಂದು ಕಣ್ಣು, ಒಂದು ಜಡೆ.

ಮಾತು ಬಿಟ್ಟವರ ಮಾತು ಹೊರುವುದು ಗಂಗಾಂಬಿಕಾಗೆ ಹೊಸ ಕೆಲಸವೇನೂ ಅಲ್ಲ. ಅವಳು ಈಗ ಒಂಬತ್ತನೇ ಕ್ಲಾಸು. ಈ ಕೆಲಸಕ್ಕೆ ಸೇರಿದ್ದು ಮೂರನೇ ಕ್ಲಾಸಿನಲ್ಲಿ.

ಆಗ ಅವಳ ಸೋದರಮಾವ ಊರಿಗೆ ಬಂದಿದ್ದ. ಅಣ್ಣ ಬಂದನೆಂಬ ಸಂಭ್ರಮಕ್ಕೆ ಅಮ್ಮ ಮಂಜಮ್ಮ ಕೋಳಿ ಸಾರು ಮಾಡಿದಳು. ಅಜ್ಜಿ ಮಾರಕ್ಕ ಆ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡಳು. ಕೈ ತೊಳೆದ ಮೇಲೆ, ಅದು ಯಾವ ಕೋಳಿ ಎಂದು ಕೇಳಿದಳು. ಅದು ಅಜ್ಜಿಯದೇ ಕೋಳಿ, ಮೊಟ್ಟೆಗೆಂದು ಸಾಕಿಕೊಂಡಿದ್ದದ್ದು. ಅವತ್ತಿನಿಂದ ಅತ್ತೆ ಸೊಸೆ ಮಾತು ಬಿಟ್ಟರು.

ಬಿಟ್ಟರೂ ಹೇಳುವುದೇನೂ ಕಡಿಮೆಯಾಗಲಿಲ್ಲ. ಎಲ್ಲವೂ ಎಂಟು ವರ್ಷದ ಗಂಗಾಂಬಿಕಾಳ ಮೂಲಕ ಹೋಗಬೇಕಾಯಿತು, ಅಷ್ಟೆ. ಮೊದಮೊದಲು ಅವಳು ಹೇಳಿದ್ದನ್ನು ಹೇಳಿದ ಹಾಗೇ, ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಿದ್ದಳು. ಅಮ್ಮಾ, ನಿನ್ನ ಸಾರಲ್ಲಿ ಎಮ್ಮೆ ಈಜಬಹುದಂತೆ. ಅಜ್ಜೀ, ನಿನ್ನ ನಾಲಿಗೇನ ಒಂದಿನ ಬಿಸಿಲಿಗೆ ಒಣಗಿ ಹಾಕ್ಬೇಕಂತೆ. ಆ ದಿನಗಳಲ್ಲಿ ಅಡುಗೆಮನೆಯ ಪಾತ್ರೆಗಳು ಬಹಳ ಸದ್ದು ಮಾಡುತ್ತಿದ್ದವು.

ಐದನೇ ಕ್ಲಾಸಿನ ಹೊತ್ತಿಗೆ ಅವಳು ತಿದ್ದುವುದನ್ನು ಕಲಿತಳು. ಎಮ್ಮೆ ಈಜುವ ಸಾರು, ಅವಳ ಬಾಯಲ್ಲಿ "ಸಾರು ಸ್ವಲ್ಪ ತೆಳ್ಳಗಾಯ್ತಂತೆ" ಎಂದಾಯಿತು. ಏಳನೇ ಕ್ಲಾಸಿಗೆ ಬಂದಾಗ ಅದೇ ಸಾರು "ಅಜ್ಜಿಗೆ ನಿನ್ನ ಗಟ್ಟಿ ಸಾರು ಅಂದ್ರೆ ಇಷ್ಟ ಅಂತೆ" ಆಗಿತ್ತು. ಮನೆ ತಣ್ಣಗಾಯಿತು. ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸದ ಅಪ್ಪ ಭೀಮರಾಜು, ಹೆಂಡತಿಗೂ ತಾಯಿಗೂ ಬುದ್ಧಿ ಬಂತೆಂದು ನಂಬಿ ಖುಷಿಯಾಗಿದ್ದ.

ಆದರೆ ಗಂಗಾಂಬಿಕಾಳ ಗುರಿ ಬೇರೆಯೇ ಇತ್ತು. ಕ್ರೀಡಾಕೂಟದ ಫಾರಂನಲ್ಲಿ "ನಿಮ್ಮ ಗುರಿ" ಎಂಬ ಕಾಲಂ ಇತ್ತು. ಅದರಲ್ಲಿ ಟೀಮಿನ ನಾಲ್ಕನೆಯವಳಾದ ಶೃತಿ ಡಾಕ್ಟರ್ ಎಂದು ಬರೆದಳು. ಚೈತ್ರ ಐಎಎಸ್ ಎಂದು ಬರೆದಳು. ಶ್ರೀಲತಾ ಕೂಡ ಐಎಎಸ್ ಎಂದು ಬರೆದಿದ್ದವಳು, ಚೈತ್ರಳ ಫಾರಂ ನೋಡಿ ಅದನ್ನು ಹೊಡೆದು ಐಪಿಎಸ್ ಮಾಡಿದಳು. ಗಂಗಾಂಬಿಕಾ ಬರೆದದ್ದು: "ರಿಲೇಯಲ್ಲಿ ಕೊನೆಗೆ ಓಡಿ ದಾರ ಕಡಿಯುವುದು."

ಟಿವಿಯಲ್ಲಿ ಒಬ್ಬಳು ಓಡಿ ಬಂದು, ಎದೆಗೆ ದಾರ ತಾಗಿಸಿ, ಎರಡೂ ಕೈ ಮೇಲೆತ್ತಿದ್ದನ್ನು ಅವಳು ಚಿಕ್ಕವಳಿದ್ದಾಗ ನೋಡಿದ್ದಳು. ಅವತ್ತಿನಿಂದ ಹಿತ್ತಲಿನ ಎರಡು ಕಂಬಕ್ಕೆ ಹೊಲಿಗೆ ದಾರ ಕಟ್ಟಿ ಕಡಿದೂ ಕಡಿದೂ ಅಮ್ಮನ ಎರಡು ರೀಲು ಮುಗಿಸಿದ್ದಳು. ಒಮ್ಮೆ ಕತ್ತಲಾಗುವ ಹೊತ್ತಿನಲ್ಲಿ, ದಾರವೆಂದುಕೊಂಡು ಬಟ್ಟೆ ಒಣಗಿಸುವ ಹಗ್ಗಕ್ಕೇ ಎದೆ ಕೊಟ್ಟು ಅಂಗಾತ ಬಿದ್ದಿದ್ದಳು. ಆಗಲೂ ಎರಡು ಕೈ ಮೇಲೆಯೇ ಇದ್ದವು.

ಟೀಮಿನಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವಳು ಅವಳೇ. ಆದರೂ ಪಿ.ಟಿ. ಮೇಷ್ಟ್ರು ಮಹಾಲಿಂಗಯ್ಯನವರು ಅವಳನ್ನು ಮೂರನೆಯವಳಾಗಿ ನಿಲ್ಲಿಸಿದ್ದರು. ಮೂರನೆಯವಳನ್ನು ಯಾರು ನೋಡುತ್ತಾರೆ? ಮೊದಲು ಎಲ್ಲರೂ ವಿಸಿಲ್ ಕಡೆ ನೋಡುತ್ತಾರೆ, ಕೊನೆಗೆ ದಾರದ ಕಡೆ. ಮೂರನೆಯವಳು ಓಡುವಾಗ ಜನ ಐಸ್ ಕ್ಯಾಂಡಿ ಕೊಳ್ಳುತ್ತಿರುತ್ತಾರೆ.

ಅವಳು ಹೋಗಿ ಕೇಳಿಯೇಬಿಟ್ಟಳು.

ಮೇಷ್ಟ್ರು ನೆಲದ ಮೇಲೆ ನಾಲ್ಕು ಕಲ್ಲು ಜೋಡಿಸಿ ವಿವರಿಸಿದರು. ಮೊದಲನೇ ಕಲ್ಲು ಶೃತಿ. ಓಡುವಾಗ ಅವಳ ಕನ್ನಡಕ ಮೂಗಿನ ತುದಿಗೆ ಜಾರುತ್ತದೆ. ಹಿಂದಿನಿಂದ ಬಂದ ಕೋಲನ್ನು ಅವಳು ಖಂಡಿತ ಬೀಳಿಸುತ್ತಾಳೆ. ಅದಕ್ಕೇ ಮೊದಲೇ ಅವಳ ಕೈಗೆ ಕೊಟ್ಟು ನಿಲ್ಲಿಸಿರುವುದು. ಇನ್ನುಳಿದದ್ದು ಮೂರು ಕಲ್ಲು. ಅದರಲ್ಲಿ ಎರಡು ಕಲ್ಲು ಅಕ್ಕಪಕ್ಕ ಕೂರುವುದಿಲ್ಲ.

"ನೀನು ಕೊನೆಗೆ ಹೋದ್ರೆ, ಚೈತ್ರನೇ ಶ್ರೀಲತಾಗೆ ಕೋಲು ಕೊಡ್ಬೇಕು ಕಣಮ್ಮ. ಮೊನ್ನೆ ಕೊಡ್ಸಿ ನೋಡ್ದೆ. ಓಡ್ಕಂಡು ಬಂದು ಕೋಲು ನೆಲದ ಮೇಲೆ ಇಟ್ಬುಟ್ಟು, ತಗೊಳ್ಳೋಕೆ ಹೇಳಿ ಸಾರ್ ಅಂತ ನನಗೇ ಹೇಳಿದ್ಲು."

"ಅವರಿಬ್ರೂ ರಾಜಿಯಾದ್ರೆ, ಸಾರ್?"

"ಆದ್ರೆ ನೀನೇ ಲಾಸ್ಟು," ಎಂದರು ಮೇಷ್ಟ್ರು. ಕ್ರೀಡಾಕೂಟಕ್ಕೆ ಇನ್ನು ಐದು ದಿನ ಉಳಿದಿತ್ತು.

ಗಂಗಾಂಬಿಕಾ ತನ್ನ ಆರು ವರ್ಷದ ಸರ್ವಿಸನ್ನೆಲ್ಲ ಆ ಒಂದು ದಿನ ಖರ್ಚು ಮಾಡಿದಳು. ಶ್ರೀಲತಾ ಓಡುವುದು ನೋಡಿದರೆ ಬಾತುಕೋಳಿ ನೆನಪಾಗುತ್ತದೆ ಎಂದು ಚೈತ್ರ ಹೇಳಿ ಕಳಿಸಿದಳು. ನಿನ್ನ ಓಟ ಅವಳಿಗೆ ಯಾವಾಗಲೂ ನೆನಪಾಗುತ್ತಂತೆ ಎಂದು ಗಂಗಾಂಬಿಕಾ ಶ್ರೀಲತಾಗೆ ತಲುಪಿಸಿದಳು. ಅದಕ್ಕೆ ಶ್ರೀಲತಾ, ಅವಳ ನೆನಪಿನ ಶಕ್ತಿ ಪರೀಕ್ಷೆಯಲ್ಲಿ ಯಾಕೆ ಕೆಲಸ ಮಾಡಲ್ಲ ಎಂದು ಕೇಳಿ ಕಳಿಸಿದಳು. ನಿನಗೆ ಒಳ್ಳೆ ನೆನಪಿನ ಶಕ್ತಿ ಇದೆಯಂತೆ ಎಂದಾಗಿ ಅದು ಚೈತ್ರಳನ್ನು ಮುಟ್ಟಿತು.

ಸಂಜೆಯ ಹೊತ್ತಿಗೆ ಇಬ್ಬರಿಗೂ ಭಯ ಶುರುವಾಗಿತ್ತು.

"ಇದ್ದಕ್ಕಿದ್ದಂಗೆ ಇಷ್ಟೊಂದು ಹೊಗಳ್ತಾವ್ಳೆ ಅಂದ್ರೆ ಏನೋ ಪ್ಲಾನ್ ಮಾಡವ್ಳೆ ಕಣೇ," ಎಂದಳು ಚೈತ್ರ. ಶ್ರೀಲತಾ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಇಬ್ಬರೂ ಇನ್ನೂ ಒಂದೊಂದು ಅಡಿ ದೂರ ಸರಿದು ನಿಂತರು.

ಈ ಬೇಸರದಲ್ಲಿ ಗಂಗಾಂಬಿಕಾ ಕೋಲನ್ನು ಮೈದಾನದ ಬೇವಿನ ಮರದ ಕೆಳಗೆ ಮರೆತು ಮನೆಗೆ ಹೋದಳು.

ಅವಳು ಹೊಸ್ತಿಲು ದಾಟುವಾಗ ಒಲೆಯ ಮೇಲೆ ಎಸರು ಕುದಿಯುತ್ತಿತ್ತು, ಹಿಟ್ಟು ಬಿದ್ದಾಗಿತ್ತು, ಕೋಲು ಮಾತ್ರ ಇರಲಿಲ್ಲ. ಗೋಡೆಗೊರಗಿ ಕೂತಿದ್ದ ಅಜ್ಜಿ ಅವಳಿಗೇ ಕಾಯುತ್ತಿದ್ದಳು.

"ಲೇ ಗಂಗಿ, ನಿಮ್ಮಮ್ಮನಿಗೆ ಹೇಳು, ಕೋಳಿ ತಿಂದಂಗೆ ಕೋಲೂ ತಿಂದ್ಬುಟ್ಲಾ ಅಂತ."

ಒಲೆಯ ಮುಂದಿನಿಂದ ಅಮ್ಮನ ಉತ್ತರವೂ ತಯಾರಿತ್ತು. ಕೋಲು ಬಚ್ಚಿಟ್ಟವರಿಗೂ ಇವತ್ತು ಮುದ್ದೆಯಿಲ್ಲ ಎಂದು ನಿಮ್ಮಜ್ಜಿಗೆ ಹೇಳು.

ಕಳ್ಳತನದ ಆರೋಪವನ್ನು ಅತ್ತಿಂದಿತ್ತ ಹೊರಬೇಕಾದವಳು ಆ ಕಳ್ಳಿಯೇ ಆಗಿದ್ದಳು. ಎಷ್ಟು ತಿದ್ದಿದರೂ ಆ ಮಾತು ಮೆತ್ತಗಾಗುವಂತಿರಲಿಲ್ಲ. ಶೃತಿಯ ಹತ್ತಿರ ನೋಟ್ಸ್ ಇಸಿದುಕೊಂಡು ಬರುತ್ತೇನೆಂದು ಅವಳು ಬ್ಯಾಗು ಎಸೆದು ಹೊರಗೆ ಓಡಿದಳು. ಮೈದಾನಕ್ಕೆ ಹೋಗಿ, ಕೋಲು ಹುಡುಕಿ, ವಾಪಸ್ ಬರಲು ಅರ್ಧ ಗಂಟೆ ಹಿಡಿಯಿತು.

ಬಾಗಿಲ ಹತ್ತಿರ ಬಂದವಳು ನಿಂತಳು. ಒಳಗಿನಿಂದ ಎರಡು ದನಿ ಬರುತ್ತಿದ್ದವು. ಎರಡೂ ಜೋರಾಗಿಯೇ ಇದ್ದವು. ಅಪ್ಪ ಜಗಲಿಯ ಮೇಲೆ ಕೂತು, ಒಳಗೆ ಹೋಗಬೇಡವೆಂದು ಕೈ ಅಡ್ಡ ಮಾಡಿದ.

"ಒಳಗ್ಯಾರಪ್ಪಾ?"

"ನಿಮ್ಮಮ್ಮ, ನಮ್ಮಮ್ಮ."

"ಅವರವರೇ ಮಾತಾಡ್ತಾವ್ರಾ?"

"ಹೇಳಿ ಕಳ್ಸೋಕೆ ನೀನು ಸಿಗ್ಲಿಲ್ವಲ್ಲ," ಎಂದ ಅಪ್ಪ. "ಕೂತ್ಕೊ. ಈಗ್ಲೇ ಹೋಗ್ಬೇಡ. ಚೆನ್ನಾಗಿ ನಡೀತೈತೆ."

ಜಗಳ ಕೋಲಿನಿಂದ ಶುರುವಾಗಿ, ಆರು ವರ್ಷ ಹಿಂದಕ್ಕೆ ಓಡಿ, ಕೋಳಿಯ ಹತ್ತಿರ ನಿಂತಿತ್ತು.

"ಆ ಕೋಳಿ ಮೊಟ್ಟೆನೇ ಇಕ್ತಿರ್ಲಿಲ್ಲ ಕಣತ್ತೆ. ಎರಡು ತಿಂಗಳು ನೋಡಿದ್ದೆ."

"ಇಕ್ತಿತ್ತು. ಬೇಲಿ ಸಾಲಲ್ಲಿ ಇಕ್ತಿತ್ತು. ನಾನೇ ತಂದು ಮಡಿಕ್ಕತಿದ್ದೆ."

ಒಳಗೆ ಸೌಟು ಕೆಳಗಿಟ್ಟ ಸದ್ದಾಯಿತು.

"ಅಂಗಂತ ಹೇಳೋದಲ್ವಾ ಅತ್ತೆ," ಎಂದಳು ಅಮ್ಮ. ದನಿ ಇಳಿದಿತ್ತು.

"ನೀನು ಕೇಳೋದಲ್ವಾ," ಎಂದಳು ಅಜ್ಜಿ.

ಗಂಗಾಂಬಿಕಾ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ತಾನಿಲ್ಲದಿದ್ದರೆ ಈ ಮನೆ ಒಂದು ಹೊತ್ತೂ ನಡೆಯುವುದಿಲ್ಲ ಎಂದು ಅವಳು ನಂಬಿಕೊಂಡಿದ್ದಳು. ಅದೀಗ ಅರ್ಧ ಗಂಟೆಯಿಂದ ಬಹಳ ಚೆನ್ನಾಗಿ ನಡೆಯುತ್ತಿತ್ತು. ಅವಳಿಗೆ ಖುಷಿಯೂ ಆಯಿತು, ಸ್ವಲ್ಪ ಅವಮಾನವೂ ಆಯಿತು.

ಆ ರಾತ್ರಿಯ ಮುದ್ದೆಯನ್ನು ಸೌಟಿನ ಹಿಡಿಯಿಂದ ತಿರುವಲಾಗಿತ್ತು. ತುಂಬ ಗಂಟಾಗಿದೆ ಎಂದು ಅಜ್ಜಿ ನೇರವಾಗಿ ಅಮ್ಮನಿಗೇ ಹೇಳಿದಳು. ಕೋಲು ಕೊಟ್ಟ ಮಗಳ ಕಿವಿಯನ್ನು ಅಮ್ಮ ಹಿಂಡಿದಳು. ಇನ್ನೊಂದು ಕಿವಿಯನ್ನು ಅಜ್ಜಿ ಹಿಂಡಿದಳು. ಆರು ವರ್ಷದಲ್ಲಿ ಇಬ್ಬರೂ ಕೂಡಿ ಮಾಡಿದ ಮೊದಲ ಕೆಲಸ ಅದು.

ಮರುದಿನ ಮೈದಾನದಲ್ಲಿ ಚೈತ್ರ ಎಂದಿನಂತೆ, "ಅವಳಿಗೆ ಹೇಳು," ಎಂದು ಶುರು ಮಾಡಿದಳು.

"ನಾನು ಹೇಳಲ್ಲ. ಇವತ್ತಿಂದ ರಜೆ," ಎಂದು ಗಂಗಾಂಬಿಕಾ ಹೋಗಿ ಬೇವಿನ ಮರದ ಕೆಳಗೆ ಕೂತಳು. ಶೃತಿ ಅವಳ ಪಕ್ಕ ಬಂದು ಕೂತು, ಚೆನ್ನಾಗಿ ಕಾಣಲೆಂದು ಕನ್ನಡಕ ಒರೆಸಿಕೊಂಡಳು.

ಚೈತ್ರ ಮತ್ತು ಶ್ರೀಲತಾ ಬಹಳ ಹೊತ್ತು ಬೇರೆ ಬೇರೆ ದಿಕ್ಕು ನೋಡುತ್ತಾ ನಿಂತರು. ಬಿಸಿಲು ಚೆನ್ನಾಗಿತ್ತು. ಕೊನೆಗೆ ಶ್ರೀಲತಾಗೆ ತಡೆಯಲಾಗಲಿಲ್ಲ.

"ನನ್ನ ಅರ್ಧ ಮುಖ ಯಾಕೆ ಕಟ್ ಮಾಡ್ದೆ?"

"ನಾನೆಲ್ಲಿ ಮಾಡ್ದೆ? ಫೋನೇ ಮಾಡ್ಬುಡ್ತು," ಎಂದಳು ಚೈತ್ರ. "ಆ ಕಡೆ ತುದೀಲಿ ನನ್ನ ಮುಖನೂ ಅರ್ಧನೇ ಇರೋದು. ನೀನು ನಿನ್ನ ಕಡೆ ಮಾತ್ರ ನೋಡ್ದೆ."

ಆಮೇಲೆ ನಡೆದದ್ದು ಮರದ ಕೆಳಗಿನವರಿಗೆ ಸರಿಯಾಗಿ ಕೇಳಿಸಲಿಲ್ಲ. ಬಾತುಕೋಳಿಯ ವಿಷಯ ಒಂದು ಸಲ ಬಂತು. ಕಾಲು ಗಂಟೆಯಾದ ಮೇಲೆ ಚೈತ್ರ ಓಡಿ ಬಂದು ಕೋಲು ಕೊಟ್ಟಳು, ಶ್ರೀಲತಾ ಇಸಿದುಕೊಂಡಳು. ಕೋಲು ಬಹಳ ಜೋರಾಗಿ ಅಂಗೈಗೆ ಬಡಿಯಿತು. ಆದರೆ ಬೀಳಲಿಲ್ಲ. ಮೇಷ್ಟ್ರು ಟೀಮಿನ ಚೀಟಿಯಲ್ಲಿ ಮೂರನೇ ಹೆಸರನ್ನೂ ನಾಲ್ಕನೇ ಹೆಸರನ್ನೂ ಅದಲುಬದಲು ಮಾಡಿದರು.

ಹೋಬಳಿ ಮಟ್ಟದ ಕ್ರೀಡಾಕೂಟ ತೋವಿನಕೆರೆಯಲ್ಲಿತ್ತು. ಗಂಗಾಂಬಿಕಾ ಕೊನೆಯವಳ ಜಾಗದಲ್ಲಿ ಹಿಂದಕ್ಕೆ ಕೈ ಚಾಚಿ ನಿಂತಳು. ವಿಸಿಲ್ ಆಯಿತು. ಶೃತಿ ಒಂದು ಕೈಯಲ್ಲಿ ಬ್ಯಾಟನ್, ಇನ್ನೊಂದು ಕೈಯಲ್ಲಿ ಕನ್ನಡಕ ಹಿಡಿದು ಓಡಿದಳು. ಚೈತ್ರ ಓಡಿದಳು. ಆಮೇಲೆ ಶ್ರೀಲತಾ, ಬಾತುಕೋಳಿಯಂತೆಯೇ ಆದರೂ ಬಹಳ ಜೋರಾಗಿ ಓಡಿ ಬಂದಳು. ಮುದ್ದೆ ಕೋಲಿಗೆ ಒಗ್ಗಿದ್ದ ಕೈಗೆ ಪ್ಲಾಸ್ಟಿಕ್ ಬ್ಯಾಟನ್ ಪೀಪಿಯಷ್ಟು ಹಗುರವಾಗಿತ್ತು.

ಗಂಗಾಂಬಿಕಾ ಮುಂದಿದ್ದ ಹುಡುಗಿಯನ್ನು ಹಿಂದೆ ಹಾಕಿದಳು. ದಾರಕ್ಕಾಗಿ ಎದೆ ಮುಂದೆ ಮಾಡಿದಳು. ದಾರ ಇರಲಿಲ್ಲ.

ಇದ್ದದ್ದು ಸುಣ್ಣದ ಒಂದು ಗೆರೆ. ಅದನ್ನೂ ಬೆಳಿಗ್ಗೆಯಿಂದ ಓಡಿದವರೆಲ್ಲ ತುಳಿದು ಅಳಿಸಿದ್ದರು. ಗೆದ್ದದ್ದು ಎಲ್ಲಿ ಎಂದೇ ಅವಳಿಗೆ ತಿಳಿಯಲಿಲ್ಲ. ಎತ್ತಬೇಕಾದ ಕೈಗಳು ಮೇಲೇಳಲಿಲ್ಲ. ಬಲಗೈ ಮಾತ್ರ ತಾನಾಗಿ ಮುಂದಕ್ಕೆ ಚಾಚಿಕೊಂಡು, ಬ್ಯಾಟನ್ ಕೊಡಲು ಯಾರಾದರೂ ಇದ್ದಾರೆಯೇ ಎಂದು ಹುಡುಕತೊಡಗಿತು. ಮೈದಾನದ ಅಂಚಿನಲ್ಲಿ ಕುರಿ ಬಿಟ್ಟುಕೊಂಡು ಓಟ ನೋಡುತ್ತಿದ್ದ ಒಬ್ಬ ಅಜ್ಜ ಸಿಕ್ಕ. ಅವಳು ಓಡಿ ಹೋಗಿ ಅವನ ಕೈಯಲ್ಲಿ ಬ್ಯಾಟನ್ ಇಟ್ಟಳು. ಆಮೇಲೆಯೇ ಅವಳ ಕಾಲು ನಿಂತದ್ದು. ಅಜ್ಜ ಗಾಬರಿಯಲ್ಲಿ ನಾಲ್ಕು ಹೆಜ್ಜೆ ಓಡಿಯೂ ಬಿಟ್ಟ. ಅವನ ಹಿಂದೆ ಕುರಿಗಳೂ ಓಡಿದವು.

ಮೈಕಿನಲ್ಲಿ ಅವರ ಶಾಲೆಯ ಹೆಸರು ಮೊದಲು ಬಂತು. ಮೇಷ್ಟ್ರು ಅಜ್ಜನಿಂದ ಬ್ಯಾಟನ್ ಇಸಿದುಕೊಂಡು ಬಂದು, ಬೆವರು ಒರೆಸಿಕೊಂಡರು.

"ದಾರ ಇಲ್ಲಿಗೆ ಬಂದಿಲ್ಲ ಕಣಮ್ಮ. ಕೊರಟಗೆರೇಲಿ, ತಾಲ್ಲೂಕು ಮಟ್ಟದಲ್ಲಿ ಕಟ್ತಾರೆ. ಅಲ್ಲೂ ನೀನೇ ಲಾಸ್ಟು."

ಗಂಗಾಂಬಿಕಾ ತನ್ನ ಬಲಗೈಯನ್ನು ನೋಡಿಕೊಂಡಳು. ಅದು ಇನ್ನೂ ಪೂರ್ತಿ ಮಡಚಿರಲಿಲ್ಲ.

"ನಾನು ಮೂರನೆಯವಳಾಗೇ ಓಡ್ತೀನಿ, ಸಾರ್."

"ಅಲ್ಲಿ ದಾರ ಇರ್ತದೆ ಅಂದ್ನಲ್ಲ."

"ಗೊತ್ತು, ಸಾರ್. ಇಸ್ಕೊಂಡು ಕೊಟ್ರೆ ನನ್ನ ಓಟ ಚೆನ್ನಾಗಿರ್ತದೆ."

ಹಾಗಾದರೆ ಕೊನೆಗೆ ಓಡುವವರು ಯಾರು ಎಂಬ ಪ್ರಶ್ನೆ ಎದ್ದಿತು. ತಾನು ಎಂದಳು ಚೈತ್ರ. ತಾನು ಎಂದಳು ಶ್ರೀಲತಾ. ಇಬ್ಬರೂ ಮುಖಕ್ಕೆ ಮುಖ ಕೊಟ್ಟು ನಿಂತು, ಒಬ್ಬರ ಮಾತು ಇನ್ನೊಬ್ಬರು ಮುಗಿಸಲು ಬಿಡದೆ ಶುರು ಮಾಡಿದರು.

ಗಂಗಾಂಬಿಕಾ ಏನೋ ಹೇಳಲು ಬಾಯಿ ತೆರೆದಳು. ತೆರೆದ ಬಾಯಿಗೆ ಬಾಟಲಿಯ ನೀರು ಸುರಿದುಕೊಂಡು, ಶೃತಿಯ ಪಕ್ಕ ನೆರಳಿನಲ್ಲಿ ಕೂತಳು.